ಬೆಲ್ಲದ ನಿಂಗ್ಯಾನಿಗೆ ಮಾಫಿ

೧೫ ಡಿಸೆಂಬರ್ ೨೦೨೪, ರವಿವಾರ

ಇವತ್ತು ಮೂರು ಜನರೊಡನೆ ಜಗಳವಾಯಿತು. ಮೂರರಲ್ಲೂ ನನ್ನದೇ ಸರಿ.

ನಮ್ಮೂರ ಗಂಡು ಹುಡುಗರ ಬೋರ್ಡಿಂಗ್ ಶಾಲೆಗೆ ಎಪ್ಪತ್ತೈದು ವರ್ಷ ತುಂಬುತ್ತಿದೆ. ಫೆಬ್ರವರಿ ಒಂದಕ್ಕೆ ಅಮೃತ ಮಹೋತ್ಸವ. ಆ ದಿನ 'ಬೇವಿನಕಟ್ಟೆಯ ಹುಡುಗರು' ಕಾದಂಬರಿಯನ್ನು ನಾಟಕ ಮಾಡಿ ಆಡಬೇಕಂತೆ. ಯರಗುಪ್ಪಿ ಮಾಸ್ತರು ಈ ಶಾಲೆಯಲ್ಲಿ ವಾರ್ಡನ್ ಆಗಿದ್ದು, ಆಮೇಲೆ ಧಾರವಾಡಕ್ಕೆ ಹೋಗಿ ಬರೆದ ಪುಸ್ತಕ ಅದು. ಐವತ್ತು ವರ್ಷಗಳಿಂದ ಕನ್ನಡದ ಮಕ್ಕಳು ಅದನ್ನು ಓದಿಯೇ ದೊಡ್ಡವರಾಗಿದ್ದಾರೆ. ನಾನು ಹದಿಮೂರರ ವಯಸ್ಸಿನಲ್ಲಿ ಓದಿದೆ. ನಮ್ಮ ಮನೆಯ ಮಾಳಿಗೆಯಿಂದ ಆ ಶಾಲೆಯ ಗೋಡೆ ಕಾಣುತ್ತಿತ್ತು. ಹುಡುಗಿಯರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಗೋಡೆಯ ಆಚೆ ಯಾವ ಹುಡುಗ ಯಾವ ಕಿಟಕಿಯ ಕೆಳಗೆ ಮಲಗುತ್ತಾನೆ, ಯಾರು ಬಾವಿಗೆ ಮೊದಲು ಹಾರುತ್ತಾರೆ, ಎಲ್ಲವನ್ನೂ ನಾನು ತಿಳಿದದ್ದು ಪುಸ್ತಕದಿಂದ. ಪಠ್ಯದಲ್ಲಿ ಅದರ ಒಂದು ಅಧ್ಯಾಯ ಹಾಕಿದಾಗ ಎರಡು ಪ್ಯಾರಾ ಕತ್ತರಿಸಿದ್ದರು. ನಾನು ಪಠ್ಯಪುಸ್ತಕ ಸಮಿತಿಗೆ ಬರೆದು ಕೇಳಿದ್ದೆ. ಉತ್ತರ ಇನ್ನೂ ಬರಬೇಕು.

ಆದ್ದರಿಂದ ಮಹೋತ್ಸವ ಸಮಿತಿಯ ಅಧ್ಯಕ್ಷ ಕುಬೇರಪ್ಪ, ನಮ್ಮೂರ ಮೆಣಸಿನಕಾಯಿ ವ್ಯಾಪಾರಿ, "ಅಕ್ಕೋರ, ನಾಟಕ ನೀವ ಬರಕೊಡ್ರಿ" ಎಂದಾಗ ಒಂದೇ ಷರತ್ತು ಹಾಕಿದೆ: ಪುಸ್ತಕದ ಒಂದು ಮಾತೂ ಬದಲಾಗಕೂಡದು. "ಆತ್ರಿ" ಎಂದ. ನಂತರ ನಾಟಕದ ಮಾಸ್ತರ ಕುತುಬುದ್ದೀನ ಹಾರ್ಮೋನಿಯಂ ಪಕ್ಕಕ್ಕಿಟ್ಟು ಬಾಯಿ ತೆರೆದ.

"ಎಲ್ಲಾ ಚಲೋ ಐತ್ರಿ ಅಕ್ಕೋರ. ನಾಯಕಿ ಯಾರ್ರಿ?"

"ನಾಯಕಿ ಇಲ್ಲ. ಗಂಡು ಹುಡುಗುರ ಬೋರ್ಡಿಂಗ್ ಕಥಿ ಅದು."

"ವಾರ್ಡನ್‌ಗ ಒಬ್ಬಾಕಿ ಮಗಳು ಇರೂದಿಲ್ಲೇನ್ರಿ?"

"ಇರೂದಿಲ್ಲ."

"ಹೋಗ್ಲಿ, ಅಡಗಿ ಮಾಡೂ ಹೆಣಮಗಳು? ಆಕಿನ್ನ ಹಿಡಕೊಂಡು ಒಂದ್ ಕಾಮಿಕ್ ಜೋಡಿ ಮಾಡೂಣು."

"ಅಡಗಿ ಮಾಡಾಂವ ಗಂಡಸು. ಮುದುಕ. ಹಲ್ಲಿಲ್ಲ."

"ಹಲ್ಲಿಲ್ಲದ ಮುದುಕನ್ನ ನೋಡಾಕ ಗುಡಗೇರಿಂದ ಮಂದಿ ಬರ್ತಾರಂತೀರಿ?"

ಹುಬ್ಬಳ್ಳಿಯಿಂದ ಅನ್ನಪೂರ್ಣಾ ಎಂಬ ನಟಿಗೆ ಆಗಲೇ ಮಾತು ಕೊಟ್ಟಾಗಿದೆಯಂತೆ. ಪುಸ್ತಕ ಓದುವ ಮೊದಲೇ! ನಮ್ಮ ಕಡೆ ನಾಟಕವೆಂದರೆ ಹೀಗೆ. ಮೊದಲು ನಟಿ, ಆಮೇಲೆ ಪರದೆ, ಕೊನೆಗೆ ಕಥೆ.

೧೯ ಡಿಸೆಂಬರ್, ಗುರುವಾರ

ಪಾರ್ಟು ಹಂಚಿದರು. ಊರಲ್ಲಿ ದೊಡ್ಡವರಿಗೆ ನಾಟಕದಲ್ಲೂ ದೊಡ್ಡ ಪಾರ್ಟು. ಹತ್ತು ವರ್ಷದ ಹುಡುಗರ ಪಾರ್ಟನ್ನೆಲ್ಲ ಮೀಸೆ ಹೊತ್ತ ಗಂಡಸರು ತೆಗೆದುಕೊಂಡಿದ್ದಾರೆ. ಟ್ರ್ಯಾಕ್ಟರ್ ಲಕ್ಷ್ಮಣಪ್ಪ ಖಾಕಿ ಹಾಫ್ ಪ್ಯಾಂಟು ಹೊಲಿಸಿಕೊಂಡು ಬಂದಿದ್ದ. ಮೀಸೆ ತೆಗೆಯುವುದಿಲ್ಲವಂತೆ. "ಮೀಸಿ ತಗದ್ರ ನನ್ನ ಹೆಂಡ್ತಿ ಮನ್ಯಾಗ ಕರಕೊಳ್ಳೂದಿಲ್ರಿ ಅಕ್ಕೋರ." ಯರಗುಪ್ಪಿ ಮಾಸ್ತರು ಪುಸ್ತಕದಲ್ಲಿ ತಮ್ಮನ್ನೇ ಇಟ್ಟು ಬರೆದ ವಾರ್ಡನ್ ಅಪ್ಪಾ ಮಾಸ್ತರನ ಪಾರ್ಟು ಕುಬೇರಪ್ಪನದೇ, ಅದನ್ನು ಯಾರೂ ಕೇಳಲೂ ಇಲ್ಲ.

ಉಳಿದದ್ದು ನಿಂಗ್ಯಾ. ಪುಸ್ತಕದ ಜೀವವೇ ಅವನು. ಯಾರಿಗೆ ಕೊಟ್ಟರೂ ನನಗೆ ಒಪ್ಪಿಗೆ ಇರಲಿಲ್ಲ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಅನ್ನಪೂರ್ಣಾ, ನಲವತ್ತರ ಸುಮಾರಿನ ಸಣಕಲು ಹೆಂಗಸು, "ನಾನು ಮಾಡ್ಲೇನ್ರಿ? ಕಂಪನಿಯೊಳಗ ಸಣ್ಣಾಕಿದ್ದಾಗ ಬಾಲನಟನ ಪಾರ್ಟು ಬಾಳ ಮಾಡೀನ್ರಿ" ಎಂದಳು. ಕುತುಬುದ್ದೀನ ಹಣೆ ಬಡಿದುಕೊಂಡ. ನಾಯಕಿಯನ್ನು ಕರೆಸಿ ಚಡ್ಡಿ ತೊಡಿಸಿದ ಮೊದಲ ನಾಟಕದ ಮಾಸ್ತರ ತಾನೇ ಅಂತೆ. ನನಗೂ ಒಪ್ಪಿಗೆಯಾಗಲಿಲ್ಲ. ಆದರೆ ಲಕ್ಷ್ಮಣಪ್ಪನ ಮೀಸೆ ನೋಡಿ ಒಪ್ಪಿದೆ.

೨೮ ಡಿಸೆಂಬರ್, ಶನಿವಾರ

ತಾಲೀಮು ಕುಬೇರಪ್ಪನ ಗೋದಾಮಿನಲ್ಲಿ. ಸುತ್ತಲೂ ಮೆಣಸಿನಕಾಯಿ ಚೀಲ. ನಗುವ ದೃಶ್ಯದಲ್ಲೂ ಎಲ್ಲರ ಕಣ್ಣಲ್ಲಿ ನೀರು. ಅಳುವ ದೃಶ್ಯದಲ್ಲಿ ಎಲ್ಲರಿಗೂ ಸೀನು.

ಒಬ್ಬನಿಗೂ ಮಾತು ಬಾಯಿಪಾಠವಿಲ್ಲ. ಇಲ್ಲಿ ಯಾರೂ ಮಾತು ಕಲಿಯುವುದಿಲ್ಲ, ಪ್ರಾಂಪ್ಟರ್ ಇರುತ್ತಾನಲ್ಲ. ಅವನು ಪಕ್ಕದ ಪರದೆಯ ಮರೆಯಲ್ಲಿ ನಿಂತು ಒಂದೊಂದೇ ಸಾಲು ಹೇಳಬೇಕು. ಪಾತ್ರಧಾರಿ ಒಂದು ಕಿವಿ ಆ ಕಡೆ ಕೊಟ್ಟು, ಕೇಳಿದ್ದನ್ನು ಕೈ ಎತ್ತಿ ಕೂಗಬೇಕು. ಕುಬೇರಪ್ಪನಂತೂ ಅರ್ಥದ ಗೋಜಿಗೇ ಹೋಗುವುದಿಲ್ಲ. "ನಿಂತುಕೊಂಡು ಹೇಳಿ" ಎಂದು ನಾನು ಸೂಚನೆ ಓದಿದರೆ ಅದನ್ನೂ ಕೂಗಿದ. ಹಳೆಯ ಪ್ರಾಂಪ್ಟರ್‌ಗೆ ಕಣ್ಣಿನ ಪೊರೆ ಬಂದು ಅಕ್ಷರ ಕಾಣುವುದಿಲ್ಲವಾದ್ದರಿಂದ ಆ ಕೆಲಸ ನನಗೇ ಬಿತ್ತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದಕ್ಕೆ ಸಿಕ್ಕ ಬಡ್ತಿ!

'ಮಾಫಿ' ದೃಶ್ಯ ಮಾತ್ರ ಕೆಡಲು ಬಿಟ್ಟಿಲ್ಲ. ಜ್ವರ ಬಂದ ತಂಗಿಗೆಂದು ನಿಂಗ್ಯಾ ಬೋರ್ಡಿಂಗಿನ ಅಡುಗೆಮನೆಯಿಂದ ಬೆಲ್ಲ ಕದಿಯುತ್ತಾನೆ. ಸಿಕ್ಕಿಬೀಳುತ್ತಾನೆ. ಪೆಟ್ಟಿಗೆ ಹಿಡಿದು ತಾನೇ ಹೊರಟು ನಿಂತಾಗ ಅಪ್ಪಾ ಮಾಸ್ತರು ಅವನ ತಲೆಯ ಮೇಲೆ ಕೈಯಿಟ್ಟು ಹೇಳುತ್ತಾರೆ: 'ಈ ಶಾಲೆಯ ಬಾಗಿಲು ಒಳಗೆ ಕರೆಯುವುದನ್ನಷ್ಟೇ ಕಲಿತಿದೆ ಮಗು, ಹೊರಗೆ ಕಳಿಸುವುದನ್ನು ಕಲಿತಿಲ್ಲ.' ಇದನ್ನು ನಾನು ತರಗತಿಯಲ್ಲಿ ಪುಸ್ತಕ ನೋಡದೆಯೇ ಹೇಳುತ್ತಿದ್ದೆ. ಶಾಲೆಯ ಮುಂದೆ ಹೊಸದಾಗಿ ಕಟ್ಟಿಸಿದ ಕಮಾನಿನ ಮೇಲೆ ಇದೇ ಮಾತು ಕೆತ್ತಿಸುತ್ತಿದ್ದಾರೆ.

೩ ಜನವರಿ ೨೦೨೫, ಶುಕ್ರವಾರ

ಕೃತಘ್ನತೆಗೂ ಒಂದು ಮಿತಿ ಬೇಕು.

ಯಾರನ್ನು ನೋಡಿ ಮಾಸ್ತರು ನಿಂಗ್ಯಾನನ್ನು ಬರೆದರೋ ಅವನು, ಊರವರ ಬಾಯಲ್ಲಿ ಬೆಲ್ಲದ ನಿಂಗ್ಯಾ, ನಮ್ಮೂರಲ್ಲೇ ಇದ್ದಾನೆ. ಕಾದಂಬರಿಯ ನಿಂಗ್ಯಾ ಮುಂದೆ ಡಾಕ್ಟರ್ ಆಗುತ್ತಾನೆ. ಇವನು ಕುರಿ ಕಾದ. ಈಗ ಕುರಿ ಮಾರಿ, ಮನೆಯ ಮುಂದೆ ಕಂಬಳಿ ಹಾಸಿಕೊಂಡು ಕೂಡುತ್ತಾನೆ. ನಿಜವಾದ ಹೆಸರು ಬೇರೆ ಏನೋ ಇದೆ. ಎಲ್ಲೆಲ್ಲಿಂದಲೋ ಓದುಗರು ಬಂದು ಅವನ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೇ ಪ್ರತಿವರ್ಷ ಎಂಟನೆಯ ತರಗತಿಯ ಮಕ್ಕಳನ್ನು, ಕೈಯಲ್ಲಿ ಅವನಿಗೆಂದು ಬೆಲ್ಲ ಕೊಟ್ಟು, ಸಾಲಾಗಿ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಎಷ್ಟು ಜನ ಕುರಿಗಾಹಿಗಳಿಗೆ ಈ ಭಾಗ್ಯ ಇದೆ?

ನಾಟಕದ ದಿನ ಅವನನ್ನು ವೇದಿಕೆಗೆ ಕರೆದು, ಕುಬೇರಪ್ಪ ಅಪ್ಪಾ ಮಾಸ್ತರನ ವೇಷದಲ್ಲೇ ಶಾಲು ಹೊದಿಸಿ, ಕೈಯಲ್ಲಿ ಒಂದು ಬೆಲ್ಲದ ಪೆಂಟೆ ಇಡಬೇಕೆಂದು ಸಮಿತಿ ತೀರ್ಮಾನಿಸಿತು. ಒಳ್ಳೆಯ ಕಲ್ಪನೆ. ಇವತ್ತು ಹೇಳಿ ಕಳಿಸಿದರೆ "ಬರೂದಿಲ್ಲ" ಎಂದನಂತೆ. ಕಾರಣವೂ ಹೇಳಲಿಲ್ಲವಂತೆ.

ಗೋದಾಮಿನಲ್ಲಿ ಎಲ್ಲರೂ ಬೈದರು. ನಾನೂ ಬೈದೆ. ಅನ್ನಪೂರ್ಣಾ ಚಡ್ಡಿಯ ಲಾಡಿ ಕಟ್ಟಿಕೊಳ್ಳುತ್ತ, "ಖರೇ ನಿಂಗ್ಯಾ ಇನ್ನೂ ಜೀವಂತ ಅದಾನೇನ್ರಿ? ಮತ್ತ ಅವಂಗ ಯಾಕಂತ ಕೇಳೀರೇನು?" ಎಂದಳು.

ಊರಿನ ವಿಷಯ ಅವಳಿಗೇನು ಗೊತ್ತು? ನಾಡಿದ್ದು ನಾನೇ ಹೋಗಿ ಅವನಿಗೆ ಬುದ್ಧಿ ಹೇಳಿಬರುತ್ತೇನೆ.

೫ ಜನವರಿ, ರವಿವಾರ

ಹೋಗಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಆಮೇಲೆ ಯೋಚಿಸುತ್ತೇನೆ.

ಅವನ ಹೆಂಡತಿ ಮೈಲಾರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಬರ್ರಿ ಅಕ್ಕೋರ. ಹುಡುಗುರು ಹಿಂದ ಬರಾಕತ್ತಾರೇನ್ರಿ?" ಎಂದು ನನ್ನ ಬೆನ್ನ ಹಿಂದೆ ಇಣುಕಿದಳು. ನಿಂಗ್ಯಾ ಕಂಬಳಿಯ ಮೇಲಿಂದ ಎದ್ದು ನಿಂತ. "ಈ ಸಲ ಬೆಲ್ಲಾ ತಂದಿಲ್ಲೇನ್ರಿ? ಚಲೋ ಆತು. ನನಗ ಸಕ್ಕರಿ ಬ್ಯಾನಿ ಐತಿ."

"ಬರೂದಿಲ್ಲ ಅಂದಿಯಂತ. ಯಾಕ? ಇಡೀ ಊರು ನಿನ್ನ ಮರ್ಯಾದಿ ಮಾಡಾಕ ನಿಂತೈತಿ."

"ಮಾಫಿ ಮಾಡಿಸ್ಕೊಂಡು ಮಾಡಿಸ್ಕೊಂಡು ಸಾಕಾಗೇತ್ರಿ."

"ಏನ್ ಮಾತಾಡ್ತೀ? ಯರಗುಪ್ಪಿ ಮಾಸ್ತರು ಅವತ್ತು ನಿನ್ನ ಮಾಫ್ ಮಾಡಿ ಒಳಗ ಕರಕೊಂಡಿದ್ದಕ್ಕ…"

"ಎಲ್ಲೆ ಕರಕೊಂಡ್ರು?"

ಮೈಲಾರವ್ವನ ಮೊರದ ಸದ್ದು ನಿಂತಿತು.

"ನನಗ ತಂಗಿ ಇರಲಿಲ್ರಿ," ಎಂದ. "ನಾವಿಬ್ರೂ ಗಂಡಮಕ್ಕಳು. ನನಗ ಬೆಲ್ಲಾ ತಿನ್ನಬೇಕನಿಸಿತ್ತು, ತಿಂದ್ನಿ. ಅಡಗಿಯಾಂವ ಕೈ ಹಿಡದಾ. ಮಾಸ್ತರು ಬಂದ್ರು. ಪೆಟ್ಟಿಗಿ ತಗೋ, ನಡಿ ಅಂದ್ರು."

"ಆಮ್ಯಾಲೆ?"

"ಆಮ್ಯಾಲೇನ್ರಿ? ಪೆಟ್ಟಿಗಿ ತಗೊಂಡ್ನಿ. ನಡದ್ನಿ."

ಮನೆಗೆ ಬಂದರೆ ಬೀಗ. ತಂದೆ ತಾಯಿ ಕುರಿ ಹೊಡೆದುಕೊಂಡು ಕಲಘಟಗಿಯ ಕಡೆ ಹೋಗಿದ್ದರು. ಅವರು ಹಾಗೆ ತಿಂಗಳುಗಟ್ಟಲೆ ಹೋಗುತ್ತಿದ್ದರು ಎಂದೇ ಹುಡುಗನನ್ನು ಬೋರ್ಡಿಂಗಿಗೆ ಹಾಕಿದ್ದು. ಪೆಟ್ಟಿಗೆಯನ್ನು ಪಕ್ಕದ ಮನೆಯಲ್ಲಿಟ್ಟು, ದಾರಿಯಲ್ಲಿ ಸಿಕ್ಕವರನ್ನೆಲ್ಲ 'ಕುರಿ ಹಾದು ಹೋದವೇನು' ಎಂದು ಕೇಳುತ್ತ ನಡೆದನಂತೆ. ಯಾರೋ ರೊಟ್ಟಿ ಕೊಟ್ಟರು, ಯಾರೋ ಗುಡಿಯಲ್ಲಿ ಮಲಗಲು ಹೇಳಿದರು.

"ಅಪ್ಪ ಸಿಕ್ಕಾಗ, ಸಾಲಿ ಸೂಟಿ ಬಿಟ್ಟಾರೇನ್ಲೇ ಅಂದ. ಹೂಂ ಅಂದ್ನಿ. ಆ ಸೂಟಿ ಇನ್ನೂ ಮುಗದಿಲ್ರಿ."

ಮುಗಿಯದ ರಜೆಯ ಮಾತನ್ನು ನಗುತ್ತಲೇ ಹೇಳಿದ. ನನಗೆ ಆ ನಗೆಯ ಮೇಲೆಯೇ ಸಿಟ್ಟು ಬಂತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಗದರಿದೆ.

"ಹೇಳೀನಲ್ರಿ. ಟಿವಿಯವ್ರಿಗೆ ಹೇಳಿದ್ನಿ. ಅಜ್ಜಗ ಅರವು ಮರವು ಅಂತ ನಕ್ಕರು. ನಿಮಗೂ ಹೇಳಿದ್ನಿ."

"ನನಗ? ಯಾವಾಗ?"

"ಯಾವದೋ ಒಂದ್ ವರ್ಷ. ನೀವು ಗದ್ಲಾ ಮಾಡಬ್ಯಾಡ್ರಲೇ ಅಂತ ಹುಡುಗುರನ್ನ ಬಯ್ಯಾಕತ್ತಿದ್ರಿ. ಕೇಳಿಸಿರ್ಲಿಕ್ಕಿಲ್ಲ."

ನನಗೆ ನೆನಪಿಲ್ಲ. ನನಗೆ ನೆನಪಿಲ್ಲದ್ದು ಬಹಳ ಕಡಿಮೆ.

ಹೊರಡುವಾಗ ಹೇಳಿದ: "ನಾಟಕಾ ಮಾಡ್ರಿ. ಬ್ಯಾಡ ಅನ್ನಾಕ ನಾ ಯಾರು? ಆದ್ರ ಹೊರಗ ಹಾಕಿದ್ದನ್ನ ಹೊರಗ ಹಾಕಿದ್ವಿ ಅಂತ ತೋರಸ್ರಿ. ಅದು ಆಗೂದಿಲ್ಲಂದ್ರ ನನ್ನ ಕರೀಬ್ಯಾಡ್ರಿ. ತಂಗಿ ಸಲುವಾಗಿ ಕದ್ರ ಮಾಫಿ. ತನ್ನ ಬಾಯಿರುಚಿಗೆ ತಿಂದ ಹುಡುಗಗ ಏನೂ ಇಲ್ಲೇನ್ರಿ?"

ಸುಳ್ಳು ಹೇಳುತ್ತಿರಬೇಕು. ವಯಸ್ಸಾಗಿದೆ.

೬ ಜನವರಿ, ಸೋಮವಾರ

ಸುಳ್ಳಲ್ಲ.

ಬೆಳಿಗ್ಗೆಯಿಂದ ಪುಸ್ತಕ ಹಿಡಿದು ಕೂತೆ. ಮೊದಲ ಅಧ್ಯಾಯಗಳಲ್ಲಿ ನಿಂಗ್ಯಾನ ಬಾಯಿಗೆ ಬಿಡುವೇ ಇಲ್ಲ. ಗಂಟೆ ಹೊಡೆಯುವವನನ್ನು ಅಣಕಿಸುತ್ತಾನೆ, ಪ್ರಾರ್ಥನೆಗೆ ತನ್ನದೇ ಪದ ಸೇರಿಸುತ್ತಾನೆ, ಬಾವಿಯ ಕಟ್ಟೆಯ ಮೇಲೆ ನಿಂತು ಬೈಯುತ್ತಾನೆ. 'ಮಾಫಿ' ಅಧ್ಯಾಯ ಮುಗಿದ ಮೇಲೆ ಅವನು ಒಂದೇ ಒಂದು ಮಾತಾಡುವುದಿಲ್ಲ. ಗುಂಪಿನಲ್ಲಿ 'ನಿಂಗ್ಯಾನೂ ಇದ್ದ' ಎಂದು ಬರುತ್ತದೆ, ಅಷ್ಟೇ. ಕೊನೆಗೆ ಒಮ್ಮೆಲೇ ಡಾಕ್ಟರ್. ಇದನ್ನು ಕಾದಂಬರಿಯ ಸಂಯಮವೆಂದು ನಾನು ತರಗತಿಯಲ್ಲಿ ವಿವರಿಸಿದ್ದೇನೆ. 'ಮಾಫಿ ಪಡೆದ ಬಾಲಕನ ಮೌನ' ಎಂದು ಒಂದು ಲೇಖನವನ್ನೂ ಬರೆದಿದ್ದೆ.

ಮೌನ ಎಲ್ಲಿಯದು? ಹುಡುಗನೇ ಇರಲಿಲ್ಲ. ನೋಡಿ ಬರೆಯುವವನಿಗೆ ನೋಡಲು ಹುಡುಗ ಉಳಿದಿರಲಿಲ್ಲ.

೧೪ ಜನವರಿ, ಮಂಗಳವಾರ. ಸಂಕ್ರಾಂತಿ

ಹಬ್ಬದ ದಿನವೇ ಸಮಿತಿಯ ಸಭೆ. ಎಳ್ಳು ಬೆಲ್ಲ ಹಂಚಿದರು. ನಾನು ತೆಗೆದುಕೊಳ್ಳಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಆ ದೃಶ್ಯ ಬದಲಾಗಬೇಕು, ಇಲ್ಲವೇ ತಿರಕಪ್ಪನನ್ನು ವೇದಿಕೆಗೆ ಎಳೆಯಬಾರದು ಎಂದೆ.

"ತಿರಕಪ್ಪ ಯಾರ್ರಿ?" ಎಂದ ಲಕ್ಷ್ಮಣಪ್ಪ.

"ನಿಮ್ಮ ಬೆಲ್ಲದ ನಿಂಗ್ಯಾ."

ಕುಬೇರಪ್ಪ ಮೊದಲು ನಕ್ಕ. ನಂತರ ಸಮಾಧಾನ ಹೇಳುವವನ ಹಾಗೆ ಹೇಳಿದ: "ಅಕ್ಕೋರ, ಒಂದ್ ಮಾತೂ ಬದಲಾಗಬಾರ್ದು ಅಂದಾವ್ರು ನೀವ. ಕಮಾನಿನ ಮ್ಯಾಲ ಕಲ್ಲಾಗ ಕೊರದಾತು. ಎಮ್ಮೆಲ್ಲೆ ಬರ್ತಾರ. ಖರೇನ ತೋರಸೂದಿದ್ರ ನಾಟಕ ಯಾಕ ಬೇಕ್ರಿ? ಮಂದಿ ಮನ್ಯಾಗ ಅದನ್ನ ನೋಡ್ತಾರಲ್ಲ."

"ಒಬ್ಬ ಹುಡುಗನ ಸಾಲಿ ತಪ್ಪಿಸಿ, ಅವನ ಹೆಸರಿನಾಗ ಕಮಾನು ಕಟ್ಟಸ್ತೀರಿ?"

"ಸತ್ತ ಮಾಸ್ತರ ಮ್ಯಾಲ ಅಪವಾದ ಹೊರಸೂದು ನಿಮ್ಮಂಥ ಓದಿದಾವ್ರಿಗೆ ಚಂದ ಅಲ್ರಿ."

ಓದಿದವರು! ಓದಿದ್ದರಿಂದಲೇ ಹೇಳುತ್ತಿದ್ದೇನೆ. ಸಭೆಯಲ್ಲಿ ಆ ಪುಸ್ತಕವನ್ನು ಪೂರ್ತಿ ಓದಿದವಳು ನಾನೊಬ್ಬಳೇ. ಪಾರ್ಟು ತೆಗೆದುಕೊಂಡವರೂ ತಮ್ಮ ಪಾರ್ಟಿನ ಆಚೆ ಒಂದು ಪುಟ ತಿರುವಿಲ್ಲ. ಕೈ ಎತ್ತಿಸಿ ಎಣಿಸಿದರು. ನನ್ನ ಪರವಾಗಿ ಎದ್ದದ್ದು ಕುತುಬುದ್ದೀನನ ಕೈ ಮಾತ್ರ. ಅದೂ ಅರ್ಧ. ಅವನು ಸಮಿತಿಯ ಸದಸ್ಯನಲ್ಲ ಎಂದು ಅದನ್ನೂ ಇಳಿಸಿದರು.

೨೩ ಜನವರಿ, ಗುರುವಾರ

ನಿದ್ದೆ ಕೆಟ್ಟು ಯೋಚಿಸುತ್ತಿರುವುದು ಇಷ್ಟೇ: ಯರಗುಪ್ಪಿ ಮಾಸ್ತರ ಬರೆಯುವ ಹೊತ್ತಿಗೆ ಆ ಹುಡುಗ ಇದೇ ಊರಿನ ಹೊಲಗಳಲ್ಲಿ ಕುರಿ ಬಿಟ್ಟುಕೊಂಡು ತಿರುಗುತ್ತಿದ್ದ. ಧಾರವಾಡದಿಂದ ಒಂದು ಬಸ್ಸು ಹತ್ತಿ ಬಂದು 'ಬಾ' ಎನ್ನಬಹುದಿತ್ತು. ಬರಲಿಲ್ಲ. ಕೂತು ಇಷ್ಟು ಚೆಂದದ ಒಂದು ವಾಕ್ಯ ಬರೆದ. ಕ್ಷಮಿಸುವ ಖರ್ಚು ಇಲ್ಲದೆ ಕ್ಷಮಿಸಿದವನೆಂಬ ಹೆಸರು ಪಡೆದ. ಅದ್ಯಾಕೆ, ಹುಡುಗನ ಕಳ್ಳತನವನ್ನೂ ಅವನಿಗೆ ಬಿಡಲಿಲ್ಲ. ಒಂದು ತಂಗಿ, ಒಂದು ಜ್ವರ ಸೇರಿಸಿ ಸೋಸಿದ.

ಪುಸ್ತಕವನ್ನು ಕಪಾಟಿನಲ್ಲಿ ಬೆನ್ನು ಒಳಗೆ ಮಾಡಿ ಇಟ್ಟಿದ್ದೇನೆ.

೩೧ ಜನವರಿ, ಶುಕ್ರವಾರ

ಕಡೆಯ ತಾಲೀಮು. ತಿರಕಪ್ಪನವರು ಬರುತ್ತಾರೆ ಎಂದು ಕುಬೇರಪ್ಪ ಎಲ್ಲರ ಮುಂದೆ ಹೇಳಿದ, ನನ್ನ ಕಡೆ ನೋಡಿಕೊಂಡು.

ನಾನು ಅವರ ಮನೆಗೆ ಹೋದೆ. ಮೈಲಾರವ್ವ ಪೆಟ್ಟಿಗೆಯಿಂದ ಅವರ ಹೊಸ ರುಮಾಲು ತೆಗೆದು ಕೊಡವುತ್ತಿದ್ದಳು. "ನಮ್ಮ ಮಗಾ ಕುಬೇರಪ್ಪನ ಟೆಂಪೋ ಹೊಡಿತಾನ್ರಿ," ಎಂದಳು. "ಅಪ್ಪನ್ನ ಕರಕೊಂಡು ಬಾ, ಇಲ್ಲಂದ್ರ ಗಾಡಿ ಕೀಲಿ ಕೊಡು ಅಂದಾರ. ಏನ್ ಮಾಡೂಣು?"

ತಿರಕಪ್ಪನವರು ನನ್ನನ್ನು ನೋಡಿ, "ಕೂತು ಎದ್ದು ಬಂದ್ರಾತು ಬಿಡ್ರಿ. ಇಷ್ಟು ಸಲ ಮಾಫಿ ಆಗೇತಿ, ಇನ್ನೊಮ್ಮೆ ಆಗ್ಲಿ," ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ನನಗೆ ಈಗ ಯಾರ ಮೇಲೆ ಸಿಟ್ಟು ಎಂದು ಬೇರೆ ಬೇರೆಯಾಗಿ ಹೇಳಲು ಬರುವುದಿಲ್ಲ. ಎಲ್ಲರ ಮೇಲೂ ಇದೆ.

೨ ಫೆಬ್ರವರಿ, ರವಿವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಹೊತ್ತು ಮುಳುಗುವ ಮೊದಲೇ ನಾಟಕ ಶುರುವಾಯಿತು. ಕಮಾನಿನ ಪಕ್ಕದಲ್ಲೇ ರಂಗ. ಮುಂದಿನ ಸಾಲಿನಲ್ಲಿ ಎಮ್ಮೆಲ್ಲೆ, ಅವರ ಬಾಜು ಪ್ಲಾಸ್ಟಿಕ್ ಖುರ್ಚಿಯಲ್ಲಿ ತಿರಕಪ್ಪನವರು. ಅವರ ಮುಂದೆ ಟೀಪಾಯಿಯ ಮೇಲೆ ಶಾಲು ಮತ್ತು ಬಣ್ಣದ ಕಾಗದ ಸುತ್ತಿದ ಬೆಲ್ಲದ ಪೆಂಟೆ. ಜನ ಗುಡಗೇರಿಯಿಂದ ಮಾತ್ರವಲ್ಲ, ಕುಂದಗೋಳದಿಂದಲೂ ಬಂದಿದ್ದರು.

ಮೊದಲರ್ಧ ಚೆನ್ನಾಗಿಯೇ ಹೋಯಿತು. ಅನ್ನಪೂರ್ಣಾ ಚಡ್ಡಿ, ಬಿಳಿ ಟೋಪಿ ಹಾಕಿಕೊಂಡು ಓಡಾಡಿದರೆ ಅವಳು ಹೆಂಗಸು ಎಂಬುದು ಮಕ್ಕಳಿಗೆ ಮರೆತೇ ಹೋಗಿತ್ತು. ಲಕ್ಷ್ಮಣಪ್ಪನ ಮೀಸೆಗೆ ಸೀಟಿ ಬಿದ್ದವು.

ಆಮೇಲೆ 'ಮಾಫಿ'. ಅಡುಗೆಯವನು ನಿಂಗ್ಯಾನ ರಟ್ಟೆ ಹಿಡಿದು ಎಳೆದು ತಂದ. ಕುಬೇರಪ್ಪ ಕರಿ ಕೋಟು, ಕರಿ ಟೋಪಿಯಲ್ಲಿ ಬಂದು ನಿಂತ. ಆಶೀರ್ವಾದಕ್ಕೆ ಕೈ ಎತ್ತಿದ. ಎಂದಿನ ಹಾಗೆ ಎಡಗಿವಿಯನ್ನು ನನ್ನ ಕಡೆ ಕೊಟ್ಟ. ನನ್ನ ಕೈಯಲ್ಲಿ ನಾನೇ ಬರೆದ ಹಾಳೆ ಇತ್ತು. 'ಈ ಶಾಲೆಯ ಬಾಗಿಲು' ಎಂಬಲ್ಲಿ ನನ್ನ ಬೆರಳು ಇತ್ತು. ಪರದೆಯ ಸಂದಿಯಿಂದ ಮುಂದಿನ ಸಾಲು ಕಾಣುತ್ತಿತ್ತು. ತಿರಕಪ್ಪನವರು ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ನಾನು ಹೇಳಿದೆ: "ಪೆಟ್ಟಿಗಿ ತಗೋ. ನಡಿ."

"ಪೆಟ್ಟಿಗಿ ತಗೋ!" ಎಂದು ಕುಬೇರಪ್ಪ ಗಂಟಲು ಪೂರ್ತಿ ತೆರೆದು ಕೂಗಿದ. "ನಡಿ!"

ಆಶೀರ್ವಾದಕ್ಕೆ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಕೆಳಗಿನಿಂದ ನೋಡುವವರಿಗೆ ಅದು ಗೇಟಿನ ಕಡೆ ತೋರಿಸುತ್ತಿತ್ತು. ಸಂತೋಷದ ಹಾಡಿಗೆಂದು ಕುತುಬುದ್ದೀನ ಒತ್ತಿದ ಒಂದೇ ಸ್ವರ ಹಾಗೇ ಎಳೆಯುತ್ತ ಉಳಿಯಿತು.

ಅನ್ನಪೂರ್ಣಾ ನನ್ನ ಕಡೆ ನೋಡಿದಳು. ಅವಳಿಗೆ ನಾನು ಮೊದಲೇ ಏನೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಅವಳು ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಪೆಟ್ಟಿಗೆ ಎತ್ತಿಕೊಂಡಳು. ರಂಗದ ಮೆಟ್ಟಿಲು ಇಳಿದು, ಜನರ ನಡುವಿನ ಹಾದಿಯಲ್ಲಿ ನಡೆದಳು. ಪೆಟ್ಟಿಗೆ ಭಾರವಾದ ಹುಡುಗ ಒಂದು ಕಡೆ ವಾಲಿ ನಡೆಯುತ್ತಾನಲ್ಲ, ಹಾಗೆ. ಆ ಖಾಲಿ ಪೆಟ್ಟಿಗೆಗೆ ಅಷ್ಟು ಭಾರ ಎಲ್ಲಿಂದ ತಂದಳೋ!

ಕುಬೇರಪ್ಪ ಒಬ್ಬನೇ ನಿಂತಿದ್ದ. ಕೋಟಿಗೆ ಸಿಕ್ಕಿಸಿದ ಮೈಕು ನಡೆಯುತ್ತಲೇ ಇತ್ತು. "ಮುಂದ?" ಎಂದ. "ಮುಂದ ಏನ್ರಿ ಅಕ್ಕೋರ?" ಇಡೀ ಬಯಲಿಗೆ ಕೇಳಿಸಿತು.

"ಮುಂದ ಏನೂ ಇಲ್ಲ," ಎಂದೆ.

"ಮುಂದ ಏನೂ ಇಲ್ಲ!" ಎಂದು ಕೈ ಎತ್ತಿ ಕೂಗಿದ.

ಯಾರೋ ಪರದೆ ಎಳೆದರು. ಎಳೆಯುವ ಮೊದಲು ನಾನು ನೋಡಿದೆ: ತಿರಕಪ್ಪನವರು ಎದ್ದರು, ಹೆಗಲಿಗೆ ಟವೆಲ್ ಹಾಕಿಕೊಂಡರು, ಯಾರ ಕಡೆಗೂ ನೋಡದೆ ಅವಳು ಹೋದ ಹಾದಿಯಲ್ಲೇ ನಡೆದರು. ಎಮ್ಮೆಲ್ಲೆಯ ಕಾಲು ಅಡ್ಡವಿತ್ತು. ಅವರು ತಾವಾಗಿಯೇ ಕಾಲು ಮಡಚಿಕೊಂಡರು.

೪ ಫೆಬ್ರವರಿ, ಮಂಗಳವಾರ

ಕುಬೇರಪ್ಪ ಜಗಳಕ್ಕೆ ಬಂದ. "ನನ್ನ ಬಾಯಿಂದ ಅನಿಸಿದ್ರಲ್ರಿ ಅಕ್ಕೋರ! ನಾ ಏನ್ ಗಿಣಿ ಏನು?" ಎಂದು ಬಾಗಿಲಲ್ಲೇ ಶುರುಮಾಡಿದ. ಅಷ್ಟರಲ್ಲಿ ಹಾದು ಹೋಗುತ್ತಿದ್ದ ದಾವೂದಸಾಬ ಸೈಕಲ್ ನಿಲ್ಲಿಸಿ, "ಸಾವ್ಕಾರ್ರ, ಏನ್ ಪಾರ್ಟು ಮಾಡಿದ್ರಿ! ಮೈ ಜುಮ್ ಅಂತು. ಅಂಥಾ ಕಟುಕ ಮಾಸ್ತರನ್ನ ನಾ ನೋಡೇ ಇಲ್ಲ," ಎಂದ. ಕುಬೇರಪ್ಪನಿಗೆ ಹಿಗ್ಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿ ಹೋದ. ಟೆಂಪೋದ ಕೀಲಿ ತಿರಕಪ್ಪನವರ ಮಗನ ಹತ್ತಿರವೇ ಇದೆ. ವಾಪಸು ಕೇಳಿದರೆ ಮಂದಿ ಕಟುಕ ಎಂದಾರು ಎಂಬ ಹೆದರಿಕೆ ಇರಬೇಕು.

ನಾನು ಮೊದಲಿನಿಂದಲೂ ಹೇಳುತ್ತಲೇ ಬಂದದ್ದು ಇದನ್ನೇ. ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು.

೯ ಫೆಬ್ರವರಿ, ರವಿವಾರ

ಮಧ್ಯಾಹ್ನ ತಿರಕಪ್ಪನವರು ಬಂದರು. ನಮ್ಮ ಮನೆಗೆ ಇದೇ ಮೊದಲ ಸಲ. ಖುರ್ಚಿ ಹಾಕಿದೆ. ಕೂತರು. ಸಕ್ಕರೆ ಇಲ್ಲದ ಚಹಾ ಕೊಟ್ಟೆ. ಅವರು ಏನಾದರೂ ಹೇಳಬಹುದೆಂದು ಕಾದೆ.

"ಈಗ ಎಲ್ಲಾರೂ ಮನಿಗೆ ಬಂದು ಅಯ್ಯೋ ಪಾಪ ಅನ್ನಾಕತ್ತಾರ್ರಿ," ಎಂದರು. "ಅದೂ ಒಂದು ಕಾಟಾನ ಆಗೇತಿ."

ಎಂಥ ಮನುಷ್ಯ! ನಾನು ಊರನ್ನೆಲ್ಲ ಎದುರು ಹಾಕಿಕೊಂಡೆ. ಹಾಗಂತ ಹೇಳಿಯೇಬಿಟ್ಟೆ.

"ಇಲ್ಲಂದ್ನೇನ್ರಿ?" ಎಂದು ನಕ್ಕರು. ಚಹಾ ಗುಟುಕರಿಸಿ, "ಆ ಪುಸ್ತಕ ನಿಮ್ಮಲ್ಲೆ ಐತೇನ್ರಿ?" ಎಂದರು.

"ಯಾಕ?"

"ಓದ್ರಿ. ಎಲ್ಲಾರೂ ನನಗ ಬೆಲ್ಲದ್ದೊಂದ ಹೇಳ್ತಾರ. ಉಳದದ್ದು ಏನ್ ಬರದಾರ ಗೊತ್ತಿಲ್ಲ. ನಾ ಕಲ್ತ ಅಕ್ಷರಾ ಕುರಿ ಹಿಂದ ಹೋದ್ವು."

ಆ ಪುಸ್ತಕವನ್ನು ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಇವರು ಕೇಳಿದರೆ ಇಲ್ಲವೆನ್ನಲು ಹೇಗೆ ಬರುತ್ತದೆ? ಮೊದಲಿನಿಂದ ಓದಿದೆ. ಗಂಟೆಯ ಅಧ್ಯಾಯಕ್ಕೆ "ಖರೆ ಐತಿ" ಎಂದರು. ಪ್ರಾರ್ಥನೆಯ ಅಧ್ಯಾಯಕ್ಕೆ "ಅದು ನಾ ಅಲ್ಲ, ಸಂಶಿ ಊರಿನ ಹುಡುಗ" ಎಂದರು. ಬಾವಿಯ ಅಧ್ಯಾಯ ಬಂತು. ನಿಂಗ್ಯಾ ಮೂಗು ಹಿಡಿದುಕೊಂಡು, ಬಾಜು ನಿಂತವನ ಟೋಪಿ ಕಸಿದುಕೊಂಡು, 'ಟೋಪಿ ಬೇಕಾದವರು ಕೆಳಗ ಬರ್ರಲೇ' ಎಂದು ಕೂಗಿ ಹಾರುತ್ತಾನೆ. ತಿರಕಪ್ಪನವರು ಕೆಮ್ಮು ಬರುವ ತನಕ ನಕ್ಕರು. ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

"ಇದು ನಾನ! ಅಗದಿ ನಾನ ಇದು! ಬಾವಿ ಕಟ್ಟಿ ಮ್ಯಾಲ ನಿಂತು ನೋಡಿದಂಗ ಬರದಾರಲ್ರಿ."

"ನಿಂತು ನೋಡೇ ಬರದದ್ದು."

"ಮಾಸ್ತರು ನೋಡ್ತಿದ್ರಾ?" ಎಂದರು. ನಗು ನಿಂತಿತು. ಚಹಾದ ಲೋಟವನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಇಟ್ಟರು. "ಮುಂದ ಓದ್ರಿ."

'ನಿಂಗ್ಯಾ ನೀರಿನಿಂದ ತಲೆ ಎತ್ತಿದ. ಕಲ್ಲಿನ ಸಂದುಗಳಲ್ಲಿದ್ದ ಪಾರಿವಾಳಗಳೂ ಅವನ ನಗೆಗೆ ಜಾಗ ಬಿಟ್ಟು ಮೇಲೆ ಹಾರಿದವು.' ಹೀಗೆ ಬರೆದಿದ್ದಾನೆ ಮಾಸ್ತರ. ಒಬ್ಬ ಹುಡುಗನನ್ನು ಇದಕ್ಕಿಂತ ಚೆನ್ನಾಗಿ ಯಾರೂ ನೋಡಲಾರರು. ಇಷ್ಟು ನೋಡಿದ ಕಣ್ಣು, ಅಡುಗೆಯವನು ಅದೇ ಹುಡುಗನ ಕೈ ಹಿಡಿದು ತಂದಾಗ ಎಲ್ಲಿ ಹೋಗಿತ್ತು? ಓದುತ್ತ ಓದುತ್ತ ಸಿಟ್ಟಿಗೆ ನನ್ನ ಧ್ವನಿ ಏರಿರಬೇಕು. ಪಕ್ಕದ ಮನೆಯ ಖಾಸಿಂಬಿ ಜಗಳವೇನೋ ಎಂದು ಬಾಗಿಲಿಗೆ ಬಂದು ನೋಡಿ ಹೋದಳು.

"ಅಕ್ಕೋರ," ಎಂದರು ತಿರಕಪ್ಪನವರು, "ನನ್ನ ಕಿವಿ ಚಲೋ ಅದಾವ್ರಿ. ಸಾವಕಾಶ ಓದ್ರಿ."